ಟಿಎಸ್‌ಎಚ್ ಅಂದರೆ ಏನು? ಥೈರಾಯ್ಡ್ ತಜ್ಞರ ಭೇಟಿಗೆ ಕಾಯುತ್ತಿರುವವರಿಗೆ

ರಕ್ತಪರೀಕ್ಷೆಯ ರಿಪೋರ್ಟ್ ಕೈಗೆ ಬಂದಿದೆ. ಟಿಎಸ್‌ಎಚ್ 7.8, ಪಕ್ಕದಲ್ಲಿ ದಪ್ಪಕ್ಷರದಲ್ಲಿ ‘ಹೈ’. ಹಾರ್ಮೋನು ತಜ್ಞರಾದ ಎಂಡೋಕ್ರೈನಾಲಜಿಸ್ಟ್ ಸಿಗುವುದು ಇನ್ನೆರಡು ತಿಂಗಳ ಮೇಲೆ. ಅಲ್ಲಿಯವರೆಗೆ ಈ ಒಂದು ಸಂಖ್ಯೆಯನ್ನೇ ತಲೆಯಲ್ಲಿ ಹೊತ್ತು ತಿರುಗುವವರು ಬಹಳ ಮಂದಿ. ಅದು ಏನನ್ನು ಅಳೆಯುತ್ತದೆ ಎಂದು ಗೊತ್ತಾದರೆ ಅರ್ಧ ಗಾಬರಿ ಇಳಿಯುತ್ತದೆ. ಈ ನಡುವೆ ಏನು ಮಾಡಬೇಕು, ಏನು ಬೇಡ ಅನ್ನುವುದೂ ಬಹುಪಾಲು ಅದರಿಂದಲೇ ತಿಳಿಯುತ್ತದೆ.

ಟಿಎಸ್‌ಎಚ್ ಬರುವುದು ಥೈರಾಯ್ಡಿನಿಂದಲ್ಲ. ಮೆದುಳಿನ ಬುಡದಲ್ಲಿ ಬಟಾಣಿ ಗಾತ್ರದ ಪಿಟ್ಯುಟರಿ ಎಂಬ ಗ್ರಂಥಿ ಇದೆ; ಟಿಎಸ್‌ಎಚ್ ಅದರ ಹಾರ್ಮೋನು, ಥೈರಾಯ್ಡನ್ನು ಕೆಲಸಕ್ಕೆ ಹಚ್ಚುವಂಥದ್ದು (ಥೈರಾಯ್ಡ್ ಸ್ಟಿಮ್ಯುಲೇಟಿಂಗ್ ಹಾರ್ಮೋನ್). ಕತ್ತಿನ ಮುಂಭಾಗದ ಥೈರಾಯ್ಡ್ ತಯಾರಿಸುವುದು ಟಿ4 ಮತ್ತು ಟಿ3 ಎಂಬ ಹಾರ್ಮೋನುಗಳನ್ನು. ಇವು ರಕ್ತದಲ್ಲಿ ಕಡಿಮೆಯಾದರೆ ಪಿಟ್ಯುಟರಿ ಟಿಎಸ್‌ಎಚ್ ಏರಿಸುತ್ತದೆ, ಹೆಚ್ಚಾದರೆ ಇಳಿಸುತ್ತದೆ. ಕರೆದಾಗ ಓಗೊಡದವರನ್ನು ಇನ್ನೂ ಜೋರಾಗಿ ಕೂಗುತ್ತೇವಲ್ಲ, ಟಿಎಸ್‌ಎಚ್ ಅಂದರೆ ಆ ಕೂಗಿನ ಜೋರು. ಹಾಗಾಗಿ ಲೆಕ್ಕ ಉಲ್ಟಾ: ಟಿಎಸ್‌ಎಚ್ ಹೆಚ್ಚಿದ್ದರೆ ಸಾಮಾನ್ಯವಾಗಿ ಥೈರಾಯ್ಡ್ ಮಂದವಾಗಿದೆ, ಅಂದರೆ ಹೈಪೋ. ತೀರಾ ಕಡಿಮೆ ಇದ್ದರೆ ಥೈರಾಯ್ಡ್ ಮಿತಿಮೀರಿ ಕೆಲಸ ಮಾಡುತ್ತಿದೆ, ಅಂದರೆ ಹೈಪರ್. ರಿಪೋರ್ಟಿನಲ್ಲಿ ‘ಹೈ’ ನೋಡಿ “ನನಗೆ ಥೈರಾಯ್ಡ್ ಜಾಸ್ತಿ ಇದೆ” ಅನ್ನುವವರಿಗೆ ನಿಜಕ್ಕೂ ಇರುವುದು ಕಡಿಮೆ. ಈ ಗೊಂದಲದಲ್ಲಿ ಯಾರದೋ ಸಲಹೆ, ಇನ್ಯಾರದೋ ಪಥ್ಯ ಹಿಡಿದು ಕೂರುವುದೂ ಉಂಟು.

ಈ ಕೂಗು ಬಹಳ ಸೂಕ್ಷ್ಮ. ಟಿ4 ಚೂರು ಇಳಿದರೂ ಟಿಎಸ್‌ಎಚ್ ಹಲವು ಪಟ್ಟು ಏರಬಹುದು. 4 ಇದ್ದದ್ದು 8 ಆಯಿತೆಂದರೆ ಗ್ರಂಥಿ ಅರ್ಧ ಕೆಟ್ಟುಹೋಯಿತು ಎಂದು ಅರ್ಥವಲ್ಲ. ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ತುಸು ಬದಲಾದರೂ ವಯಸ್ಕರಿಗೆ ಸುಮಾರು 0.4ರಿಂದ 4ರವರೆಗೆ ಸರಿ ಎನ್ನುತ್ತಾರೆ. ವಯಸ್ಸಾದಂತೆ ಮೇಲಿನ ಮಿತಿ ತುಸು ಏರುವುದು ಸಹಜ. ಟಿಎಸ್‌ಎಚ್ ಏರಿದ್ದು ಫ್ರೀ ಟಿ4 (ರಕ್ತದ ಪ್ರೋಟೀನಿಗೆ ಅಂಟಿಕೊಳ್ಳದೆ ಬಿಡಿಯಾಗಿರುವ ಟಿ4) ಸರಿಯಾಗಿಯೇ ಇದ್ದರೆ ಅದಕ್ಕೆ ಸಬ್‌ಕ್ಲಿನಿಕಲ್ ಹೈಪೋಥೈರಾಯ್ಡಿಸಮ್ ಎಂದು ಹೆಸರು. ಅಂಥವರಲ್ಲಿ ಕೆಲವರಿಗೆ ಎರಡು-ಮೂರು ತಿಂಗಳ ನಂತರ ಮತ್ತೆ ನೋಡಿದಾಗ ತಾನಾಗಿಯೇ ಇಳಿದಿರುತ್ತದೆ. 10 ದಾಟಿದರೆ ಲಿವೋಥೈರಾಕ್ಸಿನ್ (ಮಾತ್ರೆಯ ರೂಪದ ಟಿ4) ಶುರು ಮಾಡುವತ್ತ ವೈದ್ಯರು ವಾಲುತ್ತಾರೆ. ಹಾಗಾಗಿ ಟಿಎಸ್‌ಎಚ್ ಒಂದನ್ನೇ ಮಾಡಿಸಿ ಬಂದಿದ್ದರೆ, ತಜ್ಞರನ್ನು ನೋಡುವ ಮೊದಲೇ ಫ್ರೀ ಟಿ4 ಕೂಡ ಮಾಡಿಸಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಜೊತೆಗೆ ಆ್ಯಂಟಿ-ಟಿಪಿಒ ಪರೀಕ್ಷೆಯೂ ಇದ್ದರೆ ಇನ್ನೂ ಒಳ್ಳೆಯದು. ದೇಹದ ರೋಗನಿರೋಧಕ ವ್ಯವಸ್ಥೆಯೇ ಥೈರಾಯ್ಡಿನ ಮೇಲೆ ತಿರುಗಿಬೀಳುವ ಕಾಯಿಲೆಯ ಸುಳಿವು ಅದರಲ್ಲಿ ಸಿಗುತ್ತದೆ. 1912ರಲ್ಲಿ ಇದನ್ನು ವಿವರಿಸಿದ ಜಪಾನಿನ ವೈದ್ಯ ಹಕಾರು ಹಶಿಮೊಟೊ ಅವರ ಹೆಸರೇ ಅದಕ್ಕೆ ನಿಂತಿದೆ.

ಸೂಕ್ಷ್ಮ ಹೌದು, ಆದರೆ ನಿಧಾನಿ. ರಕ್ತದಲ್ಲಿರುವ ಟಿ4 ಅರ್ಧಕ್ಕಿಳಿಯಲು ಸುಮಾರು ಏಳು ದಿನ ಬೇಕು. ಮಾತ್ರೆಯ ಪ್ರಮಾಣ ಬದಲಿಸಿದ ಮೇಲೆ ಪಿಟ್ಯುಟರಿ ಹೊಸ ಮಟ್ಟಕ್ಕೆ ಹೊಂದಿಕೊಂಡು ನೆಲೆ ನಿಲ್ಲಲು ಆರರಿಂದ ಎಂಟು ವಾರ. ಹತ್ತು ದಿನಕ್ಕೊಮ್ಮೆ ಟಿಎಸ್‌ಎಚ್ ಮಾಡಿಸುವುದು ದಂಡ. ಅದರ ಏರಿಳಿತ ನೋಡಿ ತಾವೇ ಮಾತ್ರೆ ಹೆಚ್ಚು-ಕಡಿಮೆ ಮಾಡಿಕೊಳ್ಳುವುದು ಅದಕ್ಕಿಂತ ಕೆಟ್ಟದ್ದು, ಅದರಲ್ಲೂ ಹೃದಯದ ತೊಂದರೆ ಇರುವವರು. ಕಾಯುವ ಅವಧಿಯಲ್ಲಿ ಕೈಯಲ್ಲಾಗುವ ಒಳ್ಳೆಯ ಕೆಲಸವೆಂದರೆ, ಮುಂದಿನ ಪರೀಕ್ಷೆ ನಂಬುವಂತೆ ಬರಲು ದಾರಿ ಮಾಡಿಕೊಡುವುದು.

ಅದಕ್ಕೆ ದೊಡ್ಡ ಅಡ್ಡಿ ಬಯೋಟಿನ್ ಎಂಬ ಬಿ ವಿಟಮಿನ್. ಥೈರಾಯ್ಡ್ ಮಂದವಾದಾಗ ಕೂದಲು ಉದುರುತ್ತದೆ, ಉದುರಿದ ಕೂದಲಿಗೆಂದು ಬಯೋಟಿನ್ ಮಾತ್ರೆ ನುಂಗುತ್ತೇವೆ, ಆ ಬಯೋಟಿನ್ ಥೈರಾಯ್ಡ್ ಪರೀಕ್ಷೆಯನ್ನೇ ಕೆಡಿಸುತ್ತದೆ! ದಿನಕ್ಕೆ ಬೇಕಾದ್ದು ಸುಮಾರು 30 ಮೈಕ್ರೋಗ್ರಾಂ. ಕೂದಲು-ಉಗುರಿಗೆಂದು ಮಾರುವ ಮಾತ್ರೆಗಳಲ್ಲಿ 5ರಿಂದ 10 ಮಿಲಿಗ್ರಾಂ ಇರುವುದು ಸಾಮಾನ್ಯ. ಹಲವು ಯಂತ್ರಗಳು ಹಾರ್ಮೋನನ್ನು ಅಳೆಯಲು ಬಯೋಟಿನ್ನಿನ ರಾಸಾಯನಿಕ ಹಿಡಿತವನ್ನೇ ಬಳಸುತ್ತವೆ. ರಕ್ತದಲ್ಲಿ ಅದು ತುಂಬಿದ್ದರೆ ಟಿಎಸ್‌ಎಚ್ ಸುಳ್ಳೇ ಕಡಿಮೆ, ಟಿ4 ಸುಳ್ಳೇ ಹೆಚ್ಚು ಎಂದು ಬರುತ್ತದೆ. ಇಲ್ಲದ ಹೈಪರ್ ರಿಪೋರ್ಟಿನಲ್ಲಿ ಹುಟ್ಟಿಕೊಳ್ಳುತ್ತದೆ. ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ನಿಲ್ಲಿಸಿ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಎಷ್ಟು ದಿನ ಬಿಡಬೇಕೆಂದು ಕೇಳಿಕೊಳ್ಳಿ.

ಟಿಎಸ್‌ಎಚ್ ರಾತ್ರಿ ಏರಿ ಮಧ್ಯಾಹ್ನ ಇಳಿಯುವುದರಿಂದ ಪ್ರತಿ ಸಲವೂ ಬೆಳಗ್ಗೆ, ಸಾಧ್ಯವಾದರೆ ಅದೇ ಪ್ರಯೋಗಾಲಯದಲ್ಲಿ ರಕ್ತ ಕೊಡಿ. ಲಿವೋಥೈರಾಕ್ಸಿನ್ ತೆಗೆದುಕೊಳ್ಳುವವರು ಆ ದಿನದ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ನುಂಗಲಿ. ಜೋರು ಜ್ವರದಿಂದಲೋ ಆಸ್ಪತ್ರೆಯಿಂದಲೋ ಈಗಷ್ಟೇ ಎದ್ದು ಬಂದಿದ್ದರೆ ಕೆಲವು ವಾರ ತಡೆಯಿರಿ. ಬೇರೆ ಕಾಯಿಲೆಗಳೂ ಟಿಎಸ್‌ಎಚ್ ಅನ್ನು ಅಲುಗಾಡಿಸುತ್ತವೆ.

ಸರಳ ಹೈಪೋಗೆ ಮಾತ್ರೆ ಆರಂಭಿಸಲು ತಜ್ಞರೇ ಬೇಕೆಂದಿಲ್ಲ, ಸಾಮಾನ್ಯ ವೈದ್ಯರೇ ಶುರು ಮಾಡುತ್ತಾರೆ. ಮಾತ್ರೆ ಬರೆದುಕೊಟ್ಟಿದ್ದರೆ ಅದು ಮೈಗೆ ಹತ್ತುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ: ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನ ಜೊತೆ, ತಿಂಡಿ-ಕಾಫಿಗೆ ಅರ್ಧದಿಂದ ಒಂದು ಗಂಟೆ ಮೊದಲು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೂ ಇದಕ್ಕೂ ನಾಲ್ಕು ಗಂಟೆ ಅಂತರ ಇರಲಿ. ಒಂದು ದಿನ ಮರೆತರೆ ಪ್ರಳಯವೇನೂ ಆಗುವುದಿಲ್ಲ. ‘ಥೈರಾಯ್ಡ್ ಸಪೋರ್ಟ್’ ಎಂದು ಮಾರುವ ಪುಡಿ-ಗುಳಿಗೆಗಳ ಸಹವಾಸ ಮಾತ್ರ ಬೇಡ. ಕೆಲವದರಲ್ಲಿ ಕಡಲಪಾಚಿಯ ವಿಪರೀತ ಅಯೋಡಿನ್ ಇರುತ್ತದೆ. ಹಶಿಮೊಟೊ ಇರುವವರಿಗೆ ಅದು ತಿರುಗೇಟು ಕೊಡಬಹುದು. ಇನ್ನು ಎಲೆಕೋಸು-ಹೂಕೋಸಿನ ಭಯ: ಬೇಯಿಸಿ, ಎಲ್ಲರೂ ತಿನ್ನುವಷ್ಟು ತಿಂದರೆ ತೊಂದರೆಯಿಲ್ಲ.

ಟಿಎಸ್‌ಎಚ್ ತೀರಾ ಕೆಳಗಿಳಿದು, ಎದೆ ಡವಡವ ಹೊಡೆದುಕೊಂಡು, ಕೈ ನಡುಗಿ, ತೂಕ ಇಳಿಯುತ್ತಿರುವವರ ಕಥೆ ಬೇರೆ. ಇವರು ತಜ್ಞರಿಗಾಗಿ ಸುಮ್ಮನೆ ಕಾಯಬಾರದು. ಬಡಿತ ತಗ್ಗಿಸಲು ಪ್ರೊಪ್ರನಾಲೋಲ್‌ನಂಥ ಮಾತ್ರೆಯನ್ನು ಸಾಮಾನ್ಯ ವೈದ್ಯರು ಈಗಲೇ ಕೊಡಬಲ್ಲರು. ಅಸ್ತಮಾ ಇದ್ದರೆ ಮೊದಲೇ ಹೇಳಬೇಕು. ಥೈರಾಯ್ಡಿನ ಅತಿಕೆಲಸ ತಗ್ಗಿಸುವ ಕಾರ್ಬಿಮಜೋಲ್ ಶುರುವಾಗಿದ್ದಾಗ ಜ್ವರ ಅಥವಾ ಗಂಟಲು ನೋವು ಬಂದರೆ ಮಾತ್ರೆ ನಿಲ್ಲಿಸಿ ಅಂದೇ ವೈದ್ಯರನ್ನು ಕಂಡು ಬಿಳಿ ರಕ್ತಕಣಗಳ ಎಣಿಕೆ ಮಾಡಿಸಬೇಕು. ಅಪರೂಪಕ್ಕೆ ಆ ಕಣಗಳು ಏಕಾಏಕಿ ಕುಸಿಯುತ್ತವೆ, ಆಗ ಸಣ್ಣ ಸೋಂಕೂ ಪ್ರಾಣಕ್ಕೆ ಬರುತ್ತದೆ. ರೋಗನಿರೋಧಕ ವ್ಯವಸ್ಥೆಯೇ ಥೈರಾಯ್ಡನ್ನು ಮಿತಿಮೀರಿ ಕೆರಳಿಸುವ ಗ್ರೇವ್ಸ್ ಕಾಯಿಲೆಯಲ್ಲಿ ಕಣ್ಣು ಉಬ್ಬುತ್ತಿದ್ದರೆ ಸಿಗರೇಟು ಬಿಡಲೇಬೇಕು. ಕಣ್ಣಿನ ತೊಂದರೆ ಅದರಿಂದ ಹೆಚ್ಚಾಗುತ್ತದೆ. ಎರಡೆರಡು ಕಾಣುವುದು, ದೃಷ್ಟಿ ಮಸುಕಾಗುವುದು ಶುರುವಾದರೆ ಅಪಾಯಿಂಟ್‌ಮೆಂಟಿನ ದಿನ ನೋಡುತ್ತ ಕೂರಬೇಡಿ.

ತೀವ್ರ ಜ್ವರದೊಂದಿಗೆ ಹೃದಯ ಓಡುತ್ತ ಮಾತು ತೊದಲುವುದು, ಅಥವಾ ಮೈ ತಣ್ಣಗಾಗಿ ಎಬ್ಬಿಸಿದರೂ ಏಳದಷ್ಟು ಮಂಪರು, ಇವೆರಡೂ ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋಗಬೇಕಾದವು. ಕತ್ತಿನ ಗಂಟು ಬೇಗಬೇಗ ಬೆಳೆಯುತ್ತಿದ್ದರೆ, ದನಿ ಒಡೆದದ್ದು ಸರಿಹೋಗದಿದ್ದರೆ, ನುಂಗಲು ಕಷ್ಟವಾದರೆ ವೈದ್ಯರಿಗೆ ತಡಮಾಡದೆ ತಿಳಿಸಿ; ಉಸಿರಾಟಕ್ಕೇ ಅಡ್ಡಿಯಾದರೆ ನೇರ ಆಸ್ಪತ್ರೆಗೆ.

ಗರ್ಭಿಣಿಯರಿಗಂತೂ ಈ ಕಾಯುವ ಪಟ್ಟಿ ಅನ್ವಯಿಸುವುದೇ ಇಲ್ಲ. ಮೊದಲ ತಿಂಗಳುಗಳಲ್ಲಿ ಮಗುವಿಗೆ ಬೇಕಾದ ಥೈರಾಯ್ಡ್ ಹಾರ್ಮೋನು ತಾಯಿಯದೇ, ಹಾಗಾಗಿ ಮೊದಲೇ ಲಿವೋಥೈರಾಕ್ಸಿನ್ ತೆಗೆದುಕೊಳ್ಳುತ್ತಿರುವವರಿಗೆ ಅದರ ಪ್ರಮಾಣವನ್ನು ಸಾಮಾನ್ಯವಾಗಿ ಕಾಲುಭಾಗದಷ್ಟಾದರೂ ಏರಿಸಬೇಕಾಗುತ್ತದೆ. ಗರ್ಭ ನಿಂತದ್ದು ಗೊತ್ತಾದ ದಿನವೇ ವೈದ್ಯರಿಗೆ ಫೋನ್ ಮಾಡಿ. ಅಮಿಯೋಡರೋನ್ (ಹೃದಯದ ಲಯ ತಪ್ಪಿದಾಗ ಕೊಡುವ ಔಷಧ) ಅಥವಾ ಲಿಥಿಯಂ (ಮನಸ್ಸಿನ ಏರಿಳಿತದ ಕಾಯಿಲೆಗೆ ಕೊಡುವ ಔಷಧ) ತೆಗೆದುಕೊಳ್ಳುವವರೂ ಅದನ್ನು ರೆಫರಲ್ ಚೀಟಿಯಲ್ಲಿ ಬರೆಸಲಿ, ಏಕೆಂದರೆ ಎರಡೂ ಥೈರಾಯ್ಡನ್ನು ಏರುಪೇರು ಮಾಡುತ್ತವೆ. ಹಳೆಯ ರಿಪೋರ್ಟುಗಳನ್ನೆಲ್ಲ ದಿನಾಂಕದ ಕ್ರಮದಲ್ಲಿ ಜೋಡಿಸಿ, ಯಾವ ರಿಪೋರ್ಟಿನ ಹೊತ್ತಿಗೆ ಎಷ್ಟು ಮೈಕ್ರೋಗ್ರಾಂ ಮಾತ್ರೆ ನಡೆಯುತ್ತಿತ್ತು ಎಂದು ಪಕ್ಕದಲ್ಲಿ ಗುರುತು ಹಾಕಿ. ತಜ್ಞರು ಮೊದಲು ಕೇಳುವುದರಲ್ಲಿ ಅದೂ ಒಂದು.