ವಾಯುನೌಕೆ: ಹಾರಿಸುವುದಕ್ಕಿಂತ ಇಳಿಸುವುದೇ ಕಷ್ಟ

ವಾಯುನೌಕೆ ಅಥವಾ ಏರ್‌ಶಿಪ್ ಅಂದರೆ ಗಾಳಿಗಿಂತ ಹಗುರವಾದ ಅನಿಲ ತುಂಬಿಕೊಂಡು ತೇಲುವ, ಎಂಜಿನ್ ಇರುವ, ಬೇಕಾದ ಕಡೆ ತಿರುಗಿಸಬಹುದಾದ ವಾಹನ. ಈ ಮೂರೂ ಇರಬೇಕು. ಎಂಜಿನ್ ಇಲ್ಲದೆ ಗಾಳಿ ಬೀಸಿದ ಕಡೆ ಹೋಗುವುದು ಬರೀ ಬಲೂನು. ವಿಮಾನ, ಹೆಲಿಕಾಪ್ಟರ್‌ಗಳು ಮೇಲೆ ಇರುವುದಕ್ಕೇ ಇಂಧನ ಸುಡುತ್ತಿರಬೇಕು. ವಾಯುನೌಕೆಯ ಎಂಜಿನ್ ನಿಂತರೂ ಅದು ಬೀಳುವುದಿಲ್ಲ, ತೇಲುತ್ತಲೇ ಇರುತ್ತದೆ. ಎಂಜಿನ್ ಬೇಕಾಗಿರುವುದು ಮುಖ್ಯವಾಗಿ ಮುಂದಕ್ಕೆ ಹೋಗಲು.

ವಾಯುನೌಕೆಗಳು ಮತ್ತೆ ಬರುತ್ತಿವೆ ಅನ್ನುವ ಸುದ್ದಿ ಆಗಾಗ ಕಾಣುತ್ತದೆ. ಕೇಳಿದ ತಕ್ಷಣ ಹೆಚ್ಚಿನವರಿಗೆ ನೆನಪಾಗುವುದು 1937ರಲ್ಲಿ ಜರ್ಮನಿಯ ದೊಡ್ಡ ವಾಯುನೌಕೆ ಹಿಂಡೆನ್‌ಬರ್ಗ್ ಹೊತ್ತಿ ಉರಿದ ಚಿತ್ರ. "ಅಷ್ಟೊಂದು ಅಪಾಯದ್ದು ಮತ್ತೆ ಯಾಕೆ?" ಅನ್ನಿಸುವುದು ಸಹಜ. ಆದರೆ ಬೆಂಕಿಯ ತೊಂದರೆಗೆ ಪರಿಹಾರ ಸಿಕ್ಕಿ ಬಹಳ ಕಾಲವಾಯಿತು. ವಾಯುನೌಕೆಯನ್ನು ಇವತ್ತಿಗೂ ಹಿಡಿದು ನಿಲ್ಲಿಸಿರುವುದು ಬೇರೆಯೇ ಒಂದು ಕಷ್ಟ, ಮತ್ತು ಅದು ಶುರುವಾಗುವುದು ನೆಲದ ಹತ್ತಿರ ಬಂದಾಗ.

ಮೊದಲು ಲೆಕ್ಕ ನೋಡೋಣ. ಸಮುದ್ರ ಮಟ್ಟದಲ್ಲಿ ಒಂದು ಘನ ಮೀಟರ್ ಗಾಳಿಯ ತೂಕ ಸುಮಾರು 1.2 ಕೆಜಿ. ಅಷ್ಟೇ ಜಾಗದ ಹೀಲಿಯಂ 0.17 ಕೆಜಿ ತೂಗುತ್ತದೆ. ಇವೆರಡರ ವ್ಯತ್ಯಾಸವೇ ಎತ್ತುವ ಶಕ್ತಿ, ಹೆಚ್ಚುಕಡಿಮೆ ಒಂದು ಕೆಜಿ. ನೀರಿನೊಳಗೆ ಒತ್ತಿ ಹಿಡಿದ ಚೆಂಡು ಮೇಲಕ್ಕೆ ಚಿಮ್ಮುತ್ತದಲ್ವಾ, ಅದೇ ನಿಯಮ. ಹಾಗಾದರೆ 60 ಟನ್ ಸರಕು ಎತ್ತಲು 60,000 ಘನ ಮೀಟರ್ ಹೀಲಿಯಂ ಬೇಕು. ಅದು ಸರಕಿಗೆ ಮಾತ್ರ. ನೌಕೆಯ ಚೌಕಟ್ಟು, ಹೊರಚೀಲ, ಎಂಜಿನ್, ಇಂಧನ ಎಲ್ಲದಕ್ಕೂ ಇನ್ನಷ್ಟು ಬೇಕು. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳುವಾಗಿ ಎತ್ತುವ ಶಕ್ತಿ ಕಡಿಮೆಯಾಗುವುದರಿಂದ ಇವು ಸಾಮಾನ್ಯವಾಗಿ ತಗ್ಗಿನಲ್ಲೇ ಹಾರುತ್ತವೆ. ಅಂದರೆ ಮೋಡ, ಮಳೆ, ಬಿರುಗಾಳಿ ಇರುವ ಮಟ್ಟದಲ್ಲೇ.

ವಾಯುನೌಕೆಗಳಲ್ಲಿ ಮೂರು ಬಗೆ. ಒಳಗೆ ಚೌಕಟ್ಟೇ ಇಲ್ಲದೆ ಅನಿಲದ ಒತ್ತಡದಿಂದಲೇ ಆಕಾರ ಉಳಿಸಿಕೊಳ್ಳುವುದು ಬ್ಲಿಂಪ್. ಪೂರ್ತಿ ಚೌಕಟ್ಟು ಕಟ್ಟಿ ಅದರೊಳಗೆ ಬೇರೆ ಬೇರೆ ಅನಿಲ ಚೀಲಗಳನ್ನು ಇಡುವುದು ಗಟ್ಟಿ ಚೌಕಟ್ಟಿನ ನೌಕೆ. ಜರ್ಮನಿಯ ಫರ್ಡಿನಾಂಡ್ ಫಾನ್ ಜೆಪ್ಪೆಲಿನ್ ಕಟ್ಟಿಸಿದ್ದು ಇಂಥವನ್ನು, ಅದಕ್ಕೇ ಜೆಪ್ಪೆಲಿನ್ ಅನ್ನುವ ಹೆಸರೂ ನಿಂತುಬಿಟ್ಟಿತು. ಮೂರನೆಯದು ಇವೆರಡರ ನಡುವಿನದು, ಅರ್ಧ ಚೌಕಟ್ಟಿನದು.

ಆರಂಭ ತೀರಾ ಹಳೆಯದು. 1852ರಲ್ಲಿ ಫ್ರಾನ್ಸಿನ ಆನ್ರಿ ಜಿಫಾರ್ ಮೂರು ಅಶ್ವಶಕ್ತಿಯ ಉಗಿ ಎಂಜಿನ್ ಕಟ್ಟಿ ಪ್ಯಾರಿಸಿನಿಂದ ಸುಮಾರು 27 ಕಿಲೋಮೀಟರ್ ಹಾರಿದರು. ಮೊದಲ ಜೆಪ್ಪೆಲಿನ್ 1900ರ ಜುಲೈಯಲ್ಲಿ ಕಾನ್‌ಸ್ಟನ್ಸ್ ಸರೋವರದ ಮೇಲೆ ಎದ್ದಿತು. 1928ರ ಗ್ರಾಫ್ ಜೆಪ್ಪೆಲಿನ್ ಮಾರನೇ ವರ್ಷವೇ ಭೂಮಿಯನ್ನು ಸುತ್ತಿ ಬಂತು. ಒಟ್ಟು 590 ಸಲ ಹಾರಿ, ಒಬ್ಬ ಪ್ರಯಾಣಿಕರಿಗೂ ಪ್ರಾಣಾಪಾಯ ಆಗದ ಹಾಗೆ ಕೆಲಸ ಮುಗಿಸಿತು. ಅದರ ಇಂಧನದ ವಿಷಯ ನನಗೆ ತುಂಬ ಇಷ್ಟ. ಪೆಟ್ರೋಲ್ ಸುಟ್ಟಂತೆ ನೌಕೆ ಹಗುರವಾಗುತ್ತದೆ, ಸುಮ್ನೆ ಮೇಲೇಳುತ್ತದೆ. ಅದನ್ನು ತಡೆಯಲು ಅನಿಲ ಹೊರಬಿಡಬೇಕು. ಹಾಗಾಗಿ ಅದನ್ನು ಕಟ್ಟಿದವರು ಹೆಚ್ಚುಕಡಿಮೆ ಗಾಳಿಯಷ್ಟೇ ತೂಕದ ಬ್ಲೌ ಗ್ಯಾಸ್ ಅನ್ನುವ ಇಂಧನ ಅನಿಲ ಬಳಸಿದರು. ಸುಟ್ಟ ಗ್ಯಾಸಿನ ಜಾಗಕ್ಕೆ ಗಾಳಿ ಬಂದು ಕೂರುತ್ತದೆ, ತೂಕ ಬದಲಾಗುವುದಿಲ್ಲ! ವಾಯುನೌಕೆ ಓಡಿಸುವುದೆಂದರೆ ದಿನವಿಡೀ ತೂಕ ಸರಿದೂಗಿಸುವ ಕೆಲಸ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಹಿಂಡೆನ್‌ಬರ್ಗ್ 245 ಮೀಟರ್ ಉದ್ದವಿತ್ತು. ಮೂರು ಜಂಬೋ ಜೆಟ್‌ಗಳನ್ನು ಸಾಲಾಗಿ ನಿಲ್ಲಿಸಿದರೂ ಅಷ್ಟು ಉದ್ದ ಬರುವುದಿಲ್ಲ. ಅದರಲ್ಲಿ ಹೋಗುತ್ತಿದ್ದ ಪ್ರಯಾಣಿಕರು ಮಾತ್ರ ಹೆಚ್ಚೆಂದರೆ 72. ಅಮೆರಿಕ 1920ರ ದಶಕದಲ್ಲೇ ಹೀಲಿಯಂ ರಫ್ತಿಗೆ ಕಾನೂನಿನ ಕಡಿವಾಣ ಹಾಕಿದ್ದರಿಂದ ಜರ್ಮನರು ಹೈಡ್ರೋಜನ್ ತುಂಬಿದರು. 1937ರ ಮೇ 6ರಂದು ನ್ಯೂಜೆರ್ಸಿಯ ಲೇಕ್‌ಹರ್ಸ್ಟ್‌ನಲ್ಲಿ ಇಳಿಯುವಾಗ, ಹಗ್ಗಗಳನ್ನು ಕೆಳಗೆ ಬಿಟ್ಟಾದ ಮೇಲೆ ಬೆಂಕಿ ಹತ್ತಿಕೊಂಡಿತು. ಒಂದು ನಿಮಿಷದೊಳಗೆ ಎಲ್ಲ ಮುಗಿದುಹೋಯಿತು. ನೌಕೆಯಲ್ಲಿದ್ದ 97 ಜನರಲ್ಲಿ 35 ಮಂದಿ, ನೆಲದ ಮೇಲಿದ್ದ ಒಬ್ಬರು ಸತ್ತರು. ಚಿತ್ರ ನೋಡಿದರೆ ನಂಬುವುದು ಕಷ್ಟ, ಆದರೆ 62 ಜನ ಬದುಕಿ ಬಂದರು.

ಹೀಲಿಯಂ ಹೊತ್ತಿಕೊಳ್ಳುವುದಿಲ್ಲ. ಈಗ ಹಾರುತ್ತಿರುವ ವಾಯುನೌಕೆಗಳಲ್ಲಿ ಅದೇ ಇರುವುದು. ಎತ್ತುವ ಶಕ್ತಿ ಹೈಡ್ರೋಜನ್‌ಗಿಂತ ಸ್ವಲ್ಪ ಕಡಿಮೆ, ಅಷ್ಟೇ. ಹಾಗಾದರೆ ಹೀಲಿಯಂ ಇದ್ದರೆ ಸಾಕಿತ್ತಾ? ಅಮೆರಿಕದ ನೌಕಾಪಡೆಯ ಕಥೆ ನೋಡಿ. ಅದರ ದೊಡ್ಡ ನೌಕೆಗಳು ಹೀಲಿಯಂನವು. ಶೆನಂಡೋವಾ 1925ರಲ್ಲಿ ಒಹಾಯೋದ ಮೇಲೆ ಬಿರುಗಾಳಿಗೆ ಸಿಕ್ಕಿ ಮುರಿಯಿತು. ಅಕ್ರಾನ್ 1933ರಲ್ಲಿ ಸಮುದ್ರಕ್ಕೆ ಬಿದ್ದು 73 ಜನ ಸತ್ತರು, ಹಿಂಡೆನ್‌ಬರ್ಗ್‌ನ ಎರಡು ಪಟ್ಟು. ಮೇಕನ್ 1935ರಲ್ಲಿ ಹೋಯಿತು. ಒಂದರಲ್ಲೂ ಅನಿಲಕ್ಕೆ ಬೆಂಕಿ ಬಿದ್ದಿರಲಿಲ್ಲ. ಗಾಳಿಯೇ ಸಾಕಾಗಿತ್ತು.

ಅಕ್ರಾನ್ ಬೀಳುವ ಹಿಂದಿನ ವರ್ಷ, 1932ರ ಮೇ 11ರಂದು, ಕ್ಯಾಲಿಫೋರ್ನಿಯಾದ ಕ್ಯಾಂಪ್ ಕರ್ನಿಯಲ್ಲಿ ನಡೆದದ್ದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ದೇಶದ ಆಚೆ ದಡದಿಂದ ಹಾರಿ ಬಂದ ಅಕ್ರಾನ್‌ನಲ್ಲಿ ಇಂಧನ ಬಹಳಷ್ಟು ಖಾಲಿಯಾಗಿತ್ತು, ಹಾಗಾಗಿ ಅದು ಹಗುರವಾಗಿತ್ತು. ಬಿಸಿಲು ಏರಿದಂತೆ ಒಳಗಿನ ಹೀಲಿಯಂ ಬಿಸಿಯಾಗಿ ಹಿಗ್ಗಿ ಇನ್ನೂ ಹಗುರವಾಯಿತು. ಕೆಳಗೆ ಹಗ್ಗ ಹಿಡಿಯಲು ನಿಂತಿದ್ದವರಲ್ಲಿ ಹೆಚ್ಚಿನವರು ಈ ಕೆಲಸದಲ್ಲಿ ಪಳಗದ ನಾವಿಕರು. ನೌಕೆ ಮೂಗು ಕೆಳಗೆ ಮಾಡಿ ನೆಟ್ಟಗೆ ನಿಂತುಬಿಡುತ್ತದೆ ಅನ್ನುವ ಭಯದಲ್ಲಿ ಲಂಗರಿನ ಕೇಬಲ್ ಕತ್ತರಿಸಿದರು. ಅದು ಒಮ್ಮೆಲೇ ಮೇಲಕ್ಕೆ ಎದ್ದಿತು. ಬಹುತೇಕರು ಹಗ್ಗ ಬಿಟ್ಟರು. ಮೂವರು ಬಿಡಲಿಲ್ಲ, ಹಗ್ಗದ ಜೊತೆಗೇ ಮೇಲೆ ಹೋದರು. ಇಬ್ಬರು ಕೈಜಾರಿ ಬಿದ್ದು ಸತ್ತರು. ಮೂರನೆಯ ನಾವಿಕ ಹಗ್ಗಕ್ಕೆ ತನ್ನನ್ನು ಬಿಗಿದುಕೊಂಡು ತೂಗಾಡುತ್ತಿದ್ದ. ತುಂಬ ಹೊತ್ತಿನ ಮೇಲೆ ಅವನನ್ನು ನೌಕೆಯೊಳಗೆ ಎಳೆದುಕೊಂಡರು. ಬೆಂಕಿಯಿಲ್ಲ, ಬಿರುಗಾಳಿಯಿಲ್ಲ. ತೂಕ ಕಡಿಮೆಯಾಗಿತ್ತು, ಬಿಸಿಲಿತ್ತು, ನೆಲ ಹತ್ತಿರವಿತ್ತು, ಅಷ್ಟೇ.

ಸರಕು ಸಾಗಿಸಲು ಹೊರಟರೆ ಇದೇ ತೊಂದರೆ ಹಲವು ಪಟ್ಟು ಜಾಸ್ತಿಯಾಗುತ್ತದೆ. 60 ಟನ್ ಹೊತ್ತ ನೌಕೆ ಗಾಳಿಯಲ್ಲಿ ಸರಿಯಾಗಿ ತೂಗಿಕೊಂಡು ಬಂತು ಅಂತಿಟ್ಟುಕೊಳ್ಳಿ. ಸರಕು ಇಳಿಸಿದ ಕ್ಷಣಕ್ಕೆ ಅದನ್ನು 60 ಟನ್ನಿನ ಬಲ ಮೇಲಕ್ಕೆ ಎಳೆಯುತ್ತದೆ. ಹಾಗಾಗಿ ಇಳಿಸಿದಷ್ಟೇ ತೂಕವನ್ನು ಅದೇ ಹೊತ್ತಿನಲ್ಲಿ ತುಂಬಿಕೊಳ್ಳಬೇಕು. ಸಾಮಾನ್ಯವಾಗಿ ನೀರು, ಅಂದರೆ 60,000 ಲೀಟರ್. ವಾಯುನೌಕೆ ಬೇಕಾಗಿರುವುದೇ ರಸ್ತೆ, ರನ್‌ವೇ ಏನೂ ಇಲ್ಲದ ಜಾಗಕ್ಕೆ. ಅಲ್ಲಿ ಅಷ್ಟು ನೀರು, ಪಂಪು ಎಲ್ಲಿಂದ ಬರಬೇಕು? ಹೀಲಿಯಂ ಹೊರಬಿಟ್ಟರೆ ಆಗುವುದಿಲ್ಲವಾ ಅನ್ನಬಹುದು. ಆಗುತ್ತದೆ, ಆದರೆ ಅದು ಹೆಚ್ಚಾಗಿ ನೆಲದಡಿಯ ನೈಸರ್ಗಿಕ ಅನಿಲದ ಜೊತೆ ಸಿಗುವ ದುಬಾರಿ ವಸ್ತು. ಎಂಆರ್‌ಐ ಯಂತ್ರಗಳಿಗೂ ಅದೇ ಬೇಕು. ಪ್ರತಿ ಸಲ ಸಾವಿರಾರು ಘನ ಮೀಟರ್ ಗಾಳಿಗೆ ಬಿಟ್ಟು ಯಾರೂ ವ್ಯಾಪಾರ ಮಾಡಲಾರರು. ಒಳಗೇ ಒತ್ತಿ ಸಣ್ಣದು ಮಾಡೋಣ ಅಂದರೆ ಕಂಪ್ರೆಸರ್, ಟ್ಯಾಂಕುಗಳ ತೂಕ ಸರಕಿನ ಜಾಗ ತಿನ್ನುತ್ತದೆ.

ಇದಕ್ಕೆ ಒಂದು ಜಾಣ ಉತ್ತರ ಹೈಬ್ರಿಡ್ ವಾಯುನೌಕೆ. ಹೀಲಿಯಂ ಇಡೀ ತೂಕವನ್ನು ಎತ್ತುವುದಿಲ್ಲ, ದೊಡ್ಡ ಪಾಲನ್ನು ಮಾತ್ರ ಎತ್ತುತ್ತದೆ. ಉಳಿದದ್ದನ್ನು ರೆಕ್ಕೆಯ ಹಾಗೆ ಕೆಲಸ ಮಾಡುವ ಮೈ ಎತ್ತುತ್ತದೆ. ನೌಕೆ ಗಾಳಿಗಿಂತ ಸ್ವಲ್ಪ ಭಾರವೇ ಇರುವುದರಿಂದ ನೆಲದ ಮೇಲೆ ಕೂರುತ್ತದೆ. ಬ್ರಿಟನ್ನಿನ ಏರ್‌ಲ್ಯಾಂಡರ್ 10 ಇಂಥದ್ದು, 92 ಮೀಟರ್ ಉದ್ದ. 2016ರ ಆಗಸ್ಟಿನಲ್ಲಿ ಅಲ್ಲಿ ಮೊದಲ ಸಲ ಹಾರಿತು. ಎರಡನೇ ಹಾರಾಟದಲ್ಲಿ ಇಳಿಯುವಾಗ ಮೂಗು ನೆಲಕ್ಕೆ ಬಡಿಯಿತು. 2017ರಲ್ಲಿ ಲಂಗರು ಕಂಬದಿಂದ ಬಿಡಿಸಿಕೊಂಡು ಹೊರಟಿತು, ಸುರಕ್ಷತಾ ವ್ಯವಸ್ಥೆ ಚೀಲ ಹರಿದು ಅನಿಲ ಬಿಟ್ಟಿತು. ಎರಡು ಸಲವೂ ಪೆಟ್ಟು ಬಿದ್ದದ್ದು ನೆಲದ ಬಳಿಯೇ.

ಇನ್ನು ವೇಗ. ಹಿಂಡೆನ್‌ಬರ್ಗ್ ಗಂಟೆಗೆ ಸುಮಾರು 125 ಕಿಲೋಮೀಟರ್ ಹೋಗುತ್ತಿತ್ತು, ಇವತ್ತಿನವೂ ಅದಕ್ಕಿಂತ ಬಹಳ ಮುಂದೆ ಹೋಗಿಲ್ಲ. ಅಷ್ಟು ದೊಡ್ಡ ಮೈಯನ್ನು ಗಾಳಿಯಲ್ಲಿ ತಳ್ಳಬೇಕು. ವೇಗ ಎರಡು ಪಟ್ಟು ಮಾಡಲು ಎಂಜಿನ್ ಶಕ್ತಿ ಎಂಟು ಪಟ್ಟು ಬೇಕು. ಗಂಟೆಗೆ 100 ಕಿಲೋಮೀಟರ್ ಹೋಗುವ ನೌಕೆಗೆ 40ರ ಎದುರುಗಾಳಿ ಸಿಕ್ಕರೆ ಉಳಿಯುವುದು 60. ಆಗ 600 ಕಿಲೋಮೀಟರ್ ದಾರಿಗೆ ಹತ್ತು ಗಂಟೆ. ಅದೇ ಗಾಳಿ ಹಿಂದಿನಿಂದ ಬಂದರೆ ನಾಲ್ಕೂ ಕಾಲು ಗಂಟೆ ಸಾಕು. ಇಂಥದ್ದನ್ನು ಇಟ್ಟುಕೊಂಡು ಟೈಂಟೇಬಲ್ ಮಾಡುವುದು ಹೇಗೆ? ಜನರನ್ನು ಊರಿಂದೂರಿಗೆ ಸಾಗಿಸುವ ಕೆಲಸಕ್ಕೆ ವಾಯುನೌಕೆ ವಾಪಸ್ ಬರುವುದಿಲ್ಲ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಆ ಕೆಲಸ ಜೆಟ್ ವಿಮಾನಕ್ಕೂ ರೈಲಿಗೂ ಬಿಟ್ಟದ್ದು.

ಹಣದ ಮಾತೂ ಇದೆ. ನೌಕೆಯ ಉದ್ದ, ಅಗಲ, ಎತ್ತರ ಎರಡು ಪಟ್ಟಾದರೆ ಹೊರಮೈ ನಾಲ್ಕು ಪಟ್ಟಾಗುತ್ತದೆ, ಹಿಡಿಸುವ ಅನಿಲ ಎಂಟು ಪಟ್ಟು. ಹಾಗಾಗಿ ದೊಡ್ಡದಾದಷ್ಟೂ ಲಾಭ. ಸಣ್ಣದೊಂದನ್ನು ಅಗ್ಗದಲ್ಲಿ ಮಾಡಿ ಗೆದ್ದು ತೋರಿಸುವ ದಾರಿ ಇಲ್ಲಿಲ್ಲ. ಜರ್ಮನಿಯ ಕಾರ್ಗೋಲಿಫ್ಟರ್ 160 ಟನ್ ಎತ್ತುವ ನೌಕೆಗಾಗಿ ಬರ್ಲಿನ್ನಿನ ದಕ್ಷಿಣಕ್ಕೆ 360 ಮೀಟರ್ ಉದ್ದ, 107 ಮೀಟರ್ ಎತ್ತರದ ಹ್ಯಾಂಗರ್ ಕಟ್ಟಿತು. ನೌಕೆ ತಯಾರಾಗುವ ಮೊದಲೇ, 2002ರಲ್ಲಿ ದಿವಾಳಿಯಾಯಿತು. ಆ ಕಟ್ಟಡ ಈಗ ಮಂದಿ ಈಜಲು ಹೋಗುವ ರೆಸಾರ್ಟ್.

ಇಷ್ಟಾದರೂ ನನಗೆ ಭರವಸೆ ಇದೆ, ಯಾಕೆಂದರೆ ಬೇರೆ ವಾಹನಗಳಿಗೆ ಬಹಳ ಕಷ್ಟವಾಗುವ ಕೆಲಸಗಳಿವೆ. ಗಾಳಿಯಂತ್ರದ ರೆಕ್ಕೆಗಳು ಈಗ 100 ಮೀಟರ್ ದಾಟಿವೆ. ಅವನ್ನು ಬೆಟ್ಟದ ತಿರುವುಗಳಲ್ಲಿ ಲಾರಿಯ ಮೇಲೆ ಒಯ್ಯುವುದು ಬಹಳ ಕಷ್ಟ. ಕೆನಡಾದ ಉತ್ತರದ ಹಳ್ಳಿಗಳಿಗೆ ಸರಕು ಹೋಗುವುದು ಚಳಿಗಾಲದ ಮಂಜುಗಡ್ಡೆಯ ರಸ್ತೆಯಲ್ಲಿ, ಆ ರಸ್ತೆ ಕರಗದೆ ಗಟ್ಟಿಯಾಗಿ ಉಳಿಯುವ ದಿನಗಳು ಕಡಿಮೆಯಾಗುತ್ತಿವೆ. ಫ್ರಾನ್ಸಿನ ಫ್ಲೈಯಿಂಗ್ ವೇಲ್ಸ್ ಕಂಪನಿ 200 ಮೀಟರ್ ಉದ್ದದ, 60 ಟನ್ ಹೊರುವ ನೌಕೆಯ ಯೋಜನೆ ಹಾಕಿಕೊಂಡಿದೆ. ರಸ್ತೆಯಿಲ್ಲದ ಕಾಡಿನಿಂದ ಮರದ ದಿಮ್ಮಿ ತೆಗೆಯಬೇಕು ಅನ್ನುವುದರಿಂದ ಶುರುವಾದದ್ದು ಅದು. ನೆಲಕ್ಕೆ ಇಳಿಯದೆ ಗಾಳಿಯಲ್ಲೇ ನಿಂತು, ಹಗ್ಗದಲ್ಲಿ ಸರಕು ಏರಿಸಿ ಇಳಿಸುವುದು ಅವರ ಯೋಚನೆ. ಗೂಗಲ್ ಸ್ಥಾಪಕರಲ್ಲಿ ಒಬ್ಬರಾದ ಸೆರ್ಗೇ ಬ್ರಿನ್ ಅವರ ಹಣದಿಂದ ನಡೆಯುವ ಎಲ್‌ಟಿಎ ರಿಸರ್ಚ್ 124 ಮೀಟರಿನ ಪಾಥ್‌ಫೈಂಡರ್ 1 ಕಟ್ಟಿ ಹಾರಿಸಿದೆ. ಚೌಕಟ್ಟು ಕಾರ್ಬನ್ ಫೈಬರ್ ಕೊಳವೆಗಳದ್ದು, ತಳ್ಳಲು 12 ವಿದ್ಯುತ್ ಮೋಟಾರು. ಬೇರೆ ಬೇರೆ ದಿಕ್ಕಿಗೆ ತಕ್ಷಣ ತಳ್ಳಬಲ್ಲ ಇಂಥ ಮೋಟಾರುಗಳು, ಅವನ್ನು ಕ್ಷಣಕ್ಷಣಕ್ಕೂ ತಿದ್ದುವ ಕಂಪ್ಯೂಟರ್ ಎರಡೂ ಅಕ್ರಾನ್ ಕಾಲದಲ್ಲಿ ಇರಲಿಲ್ಲ. ನೆಲದ ಬಳಿ ನೌಕೆಯನ್ನು ಹಿಡಿದು ನಿಲ್ಲಿಸಲು ನೂರಾರು ಜನರ ಕೈಗಳ ಬದಲು ಇವು ಬಂದಿವೆ. ನನ್ನ ಲೆಕ್ಕದಲ್ಲಿ ಹೊಸ ಬಟ್ಟೆ, ಹೊಸ ಚೌಕಟ್ಟಿಗಿಂತ ದೊಡ್ಡ ಬದಲಾವಣೆ ಇದೇ.

ಮೊದಲು ಗೆಲ್ಲುವುದು ಸರಕೇ ಇಳಿಸಬೇಕಿಲ್ಲದ ಕೆಲಸಗಳು ಅನ್ನಿಸುತ್ತದೆ. 1957ರಲ್ಲಿ ಅಮೆರಿಕದ ಒಂದು ಬ್ಲಿಂಪ್ ಇಂಧನ ತುಂಬಿಸಿಕೊಳ್ಳದೆ 11 ದಿನ ಗಾಳಿಯಲ್ಲೇ ಇತ್ತು. ಕಾಡ್ಗಿಚ್ಚು ಕಾಯಲು, ನೆರೆ ಬಂದಾಗ ಫೋನ್ ಸಂಪರ್ಕ ಕೊಡಲು, ಸಮುದ್ರ ಅಳೆಯಲು ಈ ಗುಣ ಸಾಕು. ಭಾರ ಹೊರುವ ನೌಕೆಯ ಸುದ್ದಿ ಬಂದಾಗ ಮಾತ್ರ ಅದರ ಉದ್ದ, ವೇಗ ಓದಿ ಸುಮ್ಮನಾಗಬೇಡಿ. ಬಯಲಲ್ಲಿ, ಗಾಳಿ ಬೀಸುವ ದಿನ, 60 ಟನ್ ಇಳಿಸಿದ ಮೇಲೆ ಅದು ಏನು ಮಾಡಿತು ಅಂತ ಹುಡುಕಿ ನೋಡಿ.