ಏರ್ ಶಾಕ್ ಬಿಚ್ಚುವ ಟಿಪ್ಪಣಿ: ಬುಸ್ ನಿಂತರೆ ಗಾಳಿ ಮುಗಿದಂತಲ್ಲ

ಮೌಂಟನ್ ಬೈಕಿನ ಹಿಂದಿನ ಏರ್ ಶಾಕನ್ನು (ಸ್ಪ್ರಿಂಗ್ ಬದಲು ಒತ್ತಡದ ಗಾಳಿ ಇರುವ ಶಾಕ್ ಅಬ್ಸಾರ್ಬರ್) ಮೊನ್ನೆ ಮೊದಲ ಸಲ ನಾನೇ ಬಿಚ್ಚಿದೆ. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ಗಾಳಿ ತುಂಬಿರುವ ಹೊರಗಿನ ಕೊಳವೆ, ಅಂದರೆ ಏರ್ ಕ್ಯಾನ್ ಕಳಚಿ, ಸೀಲ್ ಬದಲಿಸಿ, ಗ್ರೀಸ್ ಹಚ್ಚುವುದಷ್ಟೇ ಕೆಲಸ. ಶಾಕ್ ತಯಾರಿಸುವ ರಾಕ್‌ಶಾಕ್ಸ್ ಕಂಪನಿಯವರು ಇದನ್ನು 50 ಗಂಟೆ ಸವಾರಿಗೊಮ್ಮೆ ಮಾಡಿ ಅನ್ನುತ್ತಾರೆ. ಶಾಕಿನ ಕುಣಿತ ತಗ್ಗಿಸುವ ಭಾಗವಾದ ಡ್ಯಾಂಪರ್ ಒಳಗಿನ ನೈಟ್ರೋಜನ್ ಬೇರೆಯೇ ವಿಷಯ, ಅದರ ತಂಟೆಗೆ ಹೋಗಬೇಡಿ.

ಫ್ರೇಮಿನಿಂದ ಶಾಕ್ ಇಳಿಸುವುದು ನಿಮಗೇ ಗೊತ್ತಿರುತ್ತದೆ. ನಾನು ಎಡವಿದ್ದು ಅದಕ್ಕೂ ಮುಂಚೆ, ಗಾಳಿ ಬಿಡುವಾಗ.

ವಾಲ್ವ್ ಒತ್ತಿ ಹಿಡಿದೆ. ಬುಸ್ ಅಂತ ಗಾಳಿ ಹೋಗಿ ಸದ್ದು ನಿಂತಿತು. ಖಾಲಿ ಆಯ್ತು ಅಂದುಕೊಳ್ಳುವಷ್ಟರಲ್ಲಿ ಶಾಕ್ ತಾನಾಗೇ ಒಳಕ್ಕೆ ಎಳೆದುಕೊಂಡು ಗಿಡ್ಡವಾಯಿತು! ಆಮೇಲೆ ತಲೆಗೆ ಹೋಯಿತು: ಒಳಗಿರುವುದು ಎರಡು ಕೋಣೆ. ವಾಲ್ವ್ ತೆರೆಯುವುದು ಶಾಕನ್ನು ಉದ್ದಕ್ಕೆ ತಳ್ಳುವ ಪಾಸಿಟಿವ್ ಕೋಣೆಯನ್ನು ಮಾತ್ರ. ಪಿಸ್ಟನ್ನಿನ ಆಚೆ, ಶಾಕನ್ನು ಒಳಕ್ಕೆ ಎಳೆಯುವ ನೆಗೆಟಿವ್ ಕೋಣೆ ಇದೆ. ಕ್ಯಾನಿನ ಒಳಗೋಡೆಯಲ್ಲಿ ಒಂದು ಸಣ್ಣ ತಗ್ಗು. ಪಿಸ್ಟನ್ ಸೀಲ್ ಅದರ ಮೇಲೆ ಹಾಯುವಾಗ ಮಾತ್ರ ಗಾಳಿ ಆಚೀಚೆ ಹರಿಯುತ್ತದೆ. ನಾನು ಒಂದೇ ಉಸಿರಿಗೆ ಬಿಟ್ಟದ್ದರಿಂದ ನೆಗೆಟಿವ್ ಗಾಳಿ ಒಳಗೇ ಸಿಕ್ಕಿಕೊಂಡಿತು.

ಎಷ್ಟು ಬಲ ಅಂತ ಲೆಕ್ಕ ಹಾಕಿ ನೋಡಿದೆ. 200 ಪಿಎಸ್‌ಐ (ಗಾಳಿಯೊತ್ತಡದ ಅಳತೆ) ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 14 ಕೆಜಿ. 40 ಮಿ.ಮೀ. ವ್ಯಾಸದ ಪಿಸ್ಟನ್ನಿನ ಮುಖ ಹನ್ನೆರಡೂವರೆ ಚದರ ಸೆಂ.ಮೀ. ಗುಣಿಸಿದರೆ 175 ಕೆಜಿ! ನೆಗೆಟಿವ್ ಬದಿಯಲ್ಲಿ ನಡುವೆ ಹಾಯುವ ಡ್ಯಾಂಪರ್ ಬಾಡಿಯಷ್ಟು ಜಾಗ ಕಳೆಯಬೇಕು, ಸರಿ. ಆದರೂ ಥ್ರೆಡ್ ಬಿಟ್ಟ ಕೂಡಲೇ ಕ್ಯಾನ್ ಮುಖಕ್ಕೆ ಹಾರಲು ಉಳಿದಿದ್ದು ಸಾಕು.

ಹಾಗಾಗಿ ಪಂಪ್ ಹಾಕಿ ಮತ್ತೆ ತುಂಬಿಸಿ (ಶಾಕಿನ ಗರಿಷ್ಠ ಮಿತಿ ದಾಟದೆ) ಶಾಕ್ ಉದ್ದ ಮಾಡಿಸಿದೆ. ಈ ಸಲ ವಾಲ್ವ್ ಚೂರು ಒತ್ತುವುದು, ಸ್ಯಾಡಲ್ ಮೇಲೆ ಕೈಯೂರಿ ಶಾಕನ್ನು ಕಾಲು ಭಾಗ ಕುಗ್ಗಿಸಿ ಬಿಡುವುದು, ಮತ್ತೆ ಚೂರು. ತುಂಬಿಸಿದರೂ ಶಾಕ್ ಉದ್ದವಾಗದಿದ್ದರೆ ಬಿಚ್ಚುವ ಯೋಚನೆಯೇ ಬೇಡ, ಸರ್ವಿಸ್ ಸೆಂಟರಿಗೆ ಕೊಡಿ. ವಾಲ್ವಿನ ಒಳಗಿನ ಪಿನ್ ಭಾಗ (ವಾಲ್ವ್ ಕೋರ್) ತೆಗೆಯುವುದೂ ಗಾಳಿ ಪೂರ್ತಿ ಹೋದಮೇಲೆ.

ಇನ್ನು ರೆಂಚ್. ವಾಲ್ವ್ ಇರುವ ಕಡೆಯ ಐಲೆಟ್ಟನ್ನು (ಬೋಲ್ಟ್ ತೂರುವ ತುದಿಯ ಬಳೆ) ಮಾತ್ರ ವೈಸ್‌ಗೆ ಕಚ್ಚಿಸಿ, ದವಡೆಗೆ ಅಲ್ಯೂಮಿನಿಯಂ ಹೊದಿಕೆ ಹಾಕಿ. ಮೇಲಿನ ಐಲೆಟ್ಟಿಗೆ ಬಟ್ಟೆ ತೂರಿಸಿ ಗಂಟು ಹಾಕಿ. ಕ್ಯಾನ್ ಹಾರಿದರೆ ಅಲ್ಲೇ ತಡೆಯುತ್ತದೆ. ಪೈಪ್ ರೆಂಚ್ ಬೇಡ, ಹಲ್ಲಿನ ಗುರುತು ಬೀಳುತ್ತದೆ. ಬೇಕಿರುವುದು ರಬ್ಬರ್ ಪಟ್ಟಿಯ ಸ್ಟ್ರಾಪ್ ರೆಂಚ್.

ಪಟ್ಟಿ ಎರಡು ಸಲ ಜಾರಿತು. ಉಲ್ಟಾ ಸುತ್ತಿದ್ದೆ. ಬುಗುರಿಗೆ ಚಾಟಿ ಸುತ್ತುವುದನ್ನು ನೆನಪಿಸಿಕೊಂಡರೆ ಸುಲಭ: ಚಾಟಿ ಎಳೆದಾಗ ಬುಗುರಿ ತಿರುಗುವ ದಿಕ್ಕಿಗೇ ಕ್ಯಾನ್ ತಿರುಗಬೇಕು. ಮೇಲಿಂದ ನೋಡಿದರೆ ಗಡಿಯಾರಕ್ಕೆ ಎದುರು. ಕ್ಯಾನಿನ ಜಿಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿದ ಮೇಲೆ ಹಿಡಿತ ಬಂತು. ಮೊದಲ ಸುತ್ತು ಸಡಿಲವಾಗಿ, ಆಮೇಲೂ ಕೈಗೆ ಬಿಗಿ ತಗುಲುತ್ತಿದ್ದರೆ ನಿಲ್ಲಿಸಿ. ಒಳಗೆ ಗಾಳಿ ಉಳಿದು ಥ್ರೆಡ್ ಮೇಲೆ ಒತ್ತುತ್ತಿರಬಹುದು. ಇನ್ನಷ್ಟು ಉದ್ದದ ಹಿಡಿ ಹುಡುಕುವ ಹೊತ್ತಲ್ಲ ಅದು.

ಜೋಡಿಸುವಾಗ ರೆಂಚ್ ಬಳಸಲಿಲ್ಲ, ಕೈಬಿಗಿ ಸಾಕಾಯಿತು. ಗಾಳಿ ತುಂಬುವಾಗ ಪ್ರತಿ 50 ಪಿಎಸ್‌ಐಗೆ ನಿಲ್ಲಿಸಿ ಹತ್ತು ಸಲ ಕುಗ್ಗಿಸಿದೆ. ಪ್ರತಿ ಸಲ ಪಂಪಿನ ಮುಳ್ಳು ಒಂದಿಷ್ಟು ಕೆಳಗಿಳಿಯಿತು: ನೆಗೆಟಿವ್ ಕೋಣೆ ತನ್ನ ಪಾಲು ತೆಗೆದುಕೊಳ್ಳುತ್ತಿತ್ತು.