ಗಾಜು ಎಷ್ಟು ಒರೆಸಿದರೂ ಸ್ಕ್ಯಾನಿನ ಗೆರೆ ಯಾಕೆ ಹೋಗುವುದಿಲ್ಲ?

ಪ್ರಶ್ನೆ: ಕಾಸರಗೋಡಿನ ಬದಿಯಡ್ಕದ ಹತ್ತಿರ ನಮ್ಮ ಮನೆ. ಅಜ್ಜನ ಕಾಲದ ಜಾಗದ ದಾಖಲೆಗಳನ್ನೂ ಅವರು ಕೈಯಲ್ಲಿ ಬರೆದಿಟ್ಟ ಯಕ್ಷಗಾನ ಪ್ರಸಂಗಗಳನ್ನೂ ಮನೆಯ ಫ್ಲಾಟ್‌ಬೆಡ್ ಸ್ಕ್ಯಾನರಿನಲ್ಲಿ ಸ್ಕ್ಯಾನ್ ಮಾಡುತ್ತಿದ್ದೇನೆ. ಪ್ರತಿ ಪುಟದಲ್ಲೂ ಮೇಲಿನಿಂದ ಕೆಳಗಿನವರೆಗೆ ಒಂದು ತೆಳು ಬಿಳಿ ಗೆರೆ ಬರುತ್ತದೆ. ಗಾಜು ಒರೆಸಿ ಒರೆಸಿ ಸಾಕಾಯಿತು. ರೇಷನ್ ಕಾರ್ಡಿನ ಜೆರಾಕ್ಸ್ ಇಟ್ಟರೆ ಮಾತ್ರ ಗೆರೆಯೇ ಇಲ್ಲ! ಸ್ಕ್ಯಾನರ್ ಹಾಳಾಯಿತಾ?

ಉತ್ತರ: ಹಾಳಾಗಿರುವ ಸಾಧ್ಯತೆ ಕಡಿಮೆ. ನೀವು ಒರೆಸುತ್ತಿರುವ ಜಾಗ ಬೇರೆ, ಕಸ ಕೂತಿರುವ ಜಾಗ ಬೇರೆ, ಅಷ್ಟೇ.

ಫ್ಲಾಟ್‌ಬೆಡ್ ಸ್ಕ್ಯಾನರ್ ಇಡೀ ಪುಟವನ್ನು ಒಮ್ಮೆಗೇ ನೋಡುವುದಿಲ್ಲ. ಗಾಜಿನ ಕೆಳಗೆ ಅಡ್ಡಕ್ಕೆ ಒಂದು ಸಾಲು ಪಿಕ್ಸೆಲ್, ಅಂದರೆ ಬೆಳಕನ್ನು ಓದುವ ಚಿಕ್ಕ ಚಿಕ್ಕ ಕಣ್ಣುಗಳು, ಉಂಟು. ಈ ಸಾಲಿಗೇ ಸೆನ್ಸರ್ ಎನ್ನುವುದು. 600 ಡಿಪಿಐ (ಇಂಚಿಗೆ 600 ಚುಕ್ಕೆ) ಸ್ಕ್ಯಾನರಾದರೆ 8.5 ಇಂಚು ಅಗಲಕ್ಕೆ ಸುಮಾರು 5,100. ಈ ಸಾಲು ಪುಟದ ಉದ್ದಕ್ಕೂ ಸರಿಯುತ್ತಾ ಓದುತ್ತದೆ. ಹಾಗಾಗಿ ಗಾಜಿನ ಮೇಲೆ ಒಂದು ಧೂಳಿನ ಕಣ ಇದ್ದರೆ ಚಿತ್ರದಲ್ಲಿ ಬರುವುದು ಒಂದು ಚುಕ್ಕೆ ಮಾತ್ರ. ಉದ್ದ ಗೆರೆ ಬರಬೇಕಾದರೆ ಆ ಸಾಲಿನ ಒಂದು ಪಿಕ್ಸೆಲ್ಲೇ ದಾರಿಯುದ್ದಕ್ಕೂ ತಪ್ಪು ಓದುತ್ತಾ ಹೋಗಬೇಕು. ಅಂಗಳ ಗುಡಿಸುವಾಗ ಹಿಡಿಸೂಡಿಯ ಒಂದು ಕಡ್ಡಿ ಹೊರಗೆ ಚಾಚಿಕೊಂಡರೆ ಮಣ್ಣಿನ ಮೇಲೆ ಉದ್ದಕ್ಕೂ ಗೀರು ಬೀಳುತ್ತದಲ್ಲ, ಹಾಗೆ.

ಆ ಪಿಕ್ಸೆಲ್ ಯಾಕೆ ತಪ್ಪುತ್ತದೆ? ಸ್ಕ್ಯಾನ್ ಶುರುವಾಗುವ ಬದಿಯಲ್ಲಿ, ಪ್ಲಾಸ್ಟಿಕ್ ಚೌಕಟ್ಟಿನ ಅಡಿಯಲ್ಲಿ, ಒಂದು ಬಿಳಿ ಪಟ್ಟಿ ಅಂಟಿಸಿರುತ್ತಾರೆ. ಓದಲು ಹೊರಡುವ ಮೊದಲು ಯಂತ್ರ ಈ ಪಟ್ಟಿಯನ್ನು ನೋಡಿ, ಬಿಳಿ ಎಂದರೆ ಇಷ್ಟು ಎಂದು ಪ್ರತಿ ಪಿಕ್ಸೆಲ್ಲಿಗೂ ಲೆಕ್ಕ ಹಾಕಿಕೊಳ್ಳುತ್ತದೆ. ಇದೇ ಕ್ಯಾಲಿಬ್ರೇಷನ್. ಪಟ್ಟಿಯ ಮೇಲೆ ಒಂದು ಕೂದಲೋ ಧೂಳೋ ಕೂತಿದ್ದರೆ, ಅದರ ಎದುರಿನ ಪಿಕ್ಸೆಲ್ಲಿಗೆ ಬೆಳಕು ಕಡಿಮೆ ಬೀಳುತ್ತದೆ. ಪಿಕ್ಸೆಲ್ಲೇ ಮಂದ ಎಂದು ತಿಳಿದ ಯಂತ್ರ ಅದರ ಲೆಕ್ಕವನ್ನು ಏರಿಸುತ್ತದೆ. ಆಮೇಲೆ ಇಡೀ ಪುಟದಲ್ಲಿ ಅಲ್ಲಿ ಬಣ್ಣ ತಿಳಿಯಾಗುತ್ತದೆ.

ಜೆರಾಕ್ಸಿನಲ್ಲಿ ಗೆರೆ ಕಾಣದ್ದಕ್ಕೂ ಕಾರಣ ಇದೇ. ಬಿಳಿ ಕಾಗದವನ್ನು ಇನ್ನಷ್ಟು ಬಿಳಿ ಮಾಡಿದರೆ ಗೊತ್ತಾಗುವುದು ಹೇಗೆ? ಕಪ್ಪು ಅಕ್ಷರವನ್ನು ಏರಿಸಿದರೂ ಅದು ಹೆಚ್ಚುಕಡಿಮೆ ಕಪ್ಪೇ. ಆದರೆ ನಿಮ್ಮ ಅಜ್ಜನ ಕಾಗದಗಳು, 1956ಕ್ಕೆ ಮೊದಲು ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದಾಗಿನವು ಇರಬಹುದು, ಕಂದು ಬಣ್ಣಕ್ಕೆ ತಿರುಗಿರುತ್ತವೆ. ಅಂಥ ಕಂದಿನ ಮೇಲೆ ತಿಳಿ ಗೆರೆ ಎದ್ದು ಕಾಣುತ್ತದೆ. ಆದ್ದರಿಂದ ಪರೀಕ್ಷೆ ಮಾಡುವಾಗ ಬಿಳಿ ಹಾಳೆ ಇಡಬೇಡಿ, ಕಂದು ಫೈಲಿನ ರಟ್ಟು ಇಡಿ. ಒಮ್ಮೆ ಸ್ಕ್ಯಾನ್ ಮಾಡಿ, ರಟ್ಟನ್ನು ತಲೆಕೆಳಗು ತಿರುಗಿಸಿ ಇನ್ನೊಮ್ಮೆ ಮಾಡಿ. ಗೆರೆ ಅದೇ ಜಾಗದಲ್ಲಿದ್ದರೆ ತಪ್ಪು ಸ್ಕ್ಯಾನರಿನದು.

ಇನ್ನು ಶುಚಿ ಮಾಡುವ ಕೆಲಸ. ಮೊದಲು ಪ್ಲಗ್ ತೆಗೆಯಿರಿ. ಗೆರೆ ಚಿತ್ರದಲ್ಲಿ ಎಡ ಅಂಚಿನಿಂದ ಎಷ್ಟು ದೂರ ಉಂಟು ಎಂದು ಅಳೆದುಕೊಳ್ಳಿ. ಗಾಜಿನ ಮೇಲೂ ಅಂಚಿನಿಂದ ಅಷ್ಟೇ ದೂರದಲ್ಲಿ, ಸ್ಕ್ಯಾನ್ ಶುರುವಾಗುವ ಬದಿಯ ಚೌಕಟ್ಟಿನ ಸಂದಿಗೆ, ಮೊಬೈಲಿನ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಚಿತ್ರ ಎಡಬಲ ಅದಲುಬದಲಾಗಿ ಕಾಣಬಹುದು, ಆದ್ದರಿಂದ ಎರಡೂ ಕಡೆಯಿಂದ ಅಳೆಯಿರಿ. ಮೈಕ್ರೋಫೈಬರ್ ಬಟ್ಟೆಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಆ ಅಂಚನ್ನು ಒರೆಸಿ. ಗಾಜಿನ ಮೇಲೆ ನೇರ ಸ್ಪ್ರೇ ಮಾಡಲೇಬೇಡಿ, ದ್ರವ ಸಂದಿಯಿಂದ ಒಳಗಿಳಿದರೆ ಗೆರೆಗಿಂತ ದೊಡ್ಡ ಕಲೆ ಕೂರುತ್ತದೆ. ಕಸ ಒಳಬದಿಯಲ್ಲೇ ಇದ್ದರೆ ಮೇಲಿನ ಚೌಕಟ್ಟು ಬಿಚ್ಚಬೇಕಾಗುತ್ತದೆ. ಸ್ಕ್ರೂ ಇರುವ ಮಾದರಿಯಾದರೆ ಕೈಹಾಕಬಹುದು. ಗಾಜನ್ನು ಅಂಟಿಸಿಬಿಟ್ಟಿರುವ ಮಾದರಿಯಾದರೆ, ಅಥವಾ ವಾರಂಟಿ ಇನ್ನೂ ಇದ್ದರೆ, ಸುಮ್ನೆ ಮುಟ್ಟಬೇಡಿ. ಆಮೇಲೆ ಡ್ರೈವರಿನಲ್ಲಿ (ಕಂಪ್ಯೂಟರಿನಲ್ಲಿ ಸ್ಕ್ಯಾನರನ್ನು ನಡೆಸುವ ಸಾಫ್ಟ್‌ವೇರ್) ಕ್ಯಾಲಿಬ್ರೇಷನ್ ಆಯ್ಕೆ ಇದ್ದರೆ ಒಮ್ಮೆ ಅದನ್ನು ಓಡಿಸಿ. ಕೆಲವು ಸ್ಕ್ಯಾನರುಗಳು ಹಳೆಯ ಲೆಕ್ಕವನ್ನೇ ಇಟ್ಟುಕೊಂಡಿರುತ್ತವೆ.

ಗೆರೆ ಕಪ್ಪಾಗಿದ್ದರೆ ಕಸ ಸೆನ್ಸರಿನ ಮೇಲೇ ಕೂತಿರಬಹುದು, ಲೆಕ್ಕ ಹಾಕಿದ ನಂತರ ಬಂದದ್ದು. ಪ್ರಿಂಟರಿನ ಜೊತೆಗಿರುವ ಸ್ಕ್ಯಾನರಿನಲ್ಲಿ ಮೇಲಿನ ಫೀಡರಿನಿಂದ ಕಾಗದ ಎಳೆಸಿದಾಗ ಮಾತ್ರ ಗೆರೆ ಬಂದರೆ ಇನ್ನೂ ಸುಲಭ. ಅಲ್ಲಿ ಕಾಗದ ಓಡುತ್ತದೆ, ಸೆನ್ಸರ್ ನಿಂತಿರುತ್ತದೆ. ದೊಡ್ಡ ಗಾಜಿನ ಪಕ್ಕದ ಕಿರಿದಾದ ಗಾಜಿನ ಪಟ್ಟಿಯ ಮೇಲೆ ವೈಟ್ನರಿನ ಒಂದು ಚುಕ್ಕೆ ಇದ್ದರೂ ಸಾಕು.

ಅಡ್ಡ ಗೆರೆಯ ಕಥೆ ಬೇರೆ. ಅದು ಸೆನ್ಸರ್ ಸರಿಯುವಾಗ ತಡವರಿಸಿದ್ದರ ಗುರುತು. ಯುಎಸ್‌ಬಿ ಹಬ್ ಬಿಟ್ಟು ಕೇಬಲನ್ನು ನೇರ ಕಂಪ್ಯೂಟರಿಗೆ ಹಾಕಿ ನೋಡಿ. ನಮ್ಮ ಕಡೆಯ ಮಳೆಗಾಲದಲ್ಲಿ ಒಳಗಿನ ಸರಳಿಗೆ ತುಕ್ಕು ಹಿಡಿಯುವುದೂ ಉಂಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಕ್ಯಾನರನ್ನು ಕಿಟಕಿ ಬದಿಯಲ್ಲಿ ಇಡದಿರುವುದೇ ವಾಸಿ.

ಏನು ಮಾಡಿದರೂ ಗೆರೆ ಹೋಗದಿದ್ದರೆ? ಪ್ರಸಂಗದ ಪುಸ್ತಕ ಚಿಕ್ಕದಾದರೆ ಅದನ್ನು ಪಕ್ಕಕ್ಕೆ ಸರಿಸಿ, ಗೆರೆ ಪುಟದ ಹೊರಗೆ ಬೀಳಲಿ. ಛಾಪಾ ಕಾಗದದ ದಾಖಲೆ ಎ4 ಗಾಜಿಗಿಂತ ಉದ್ದ ಇರುತ್ತದೆ, ಹೇಗೂ ಎರಡು ಸಲ ಮಾಡಲೇಬೇಕು. ಎರಡನೆಯ ಸಲ ಕಾಗದವನ್ನು ತಲೆಕೆಳಗು ಮಾಡಿ, ಗೆರೆ ಬೇರೆ ಜಾಗಕ್ಕೆ ಹೋಗುತ್ತದೆ. ಎರಡೂ ಪ್ರತಿಯನ್ನು ಇಟ್ಟುಕೊಳ್ಳಿ. ಫೋಟೋ ಆಪಿನಲ್ಲಿ ಗೆರೆ ಅಳಿಸುವ ಆಸೆ ಬರುತ್ತದೆ, ಆದರೆ ಜಾಗದ ದಾಖಲೆಯಲ್ಲಿ ಅದು ಬೇಡ. ಆ ಆಪುಗಳು ಪಕ್ಕದ ಬಣ್ಣ ನೋಡಿ ಊಹಿಸಿ ತುಂಬುತ್ತವೆ. ಗೆರೆ ಸರ್ವೆ ನಂಬರಿನ ಮೇಲೆ ಹಾದಿದ್ದರೆ 3 ಹೋಗಿ 8 ಆಗಿ ಕೂತರೂ ನಿಮಗೆ ಗೊತ್ತಾಗಲಿಕ್ಕಿಲ್ಲ.